ಹೊರಗಿನ ಹೊಲಿಗೆ

ಮಗಳ ಗಾಯಕ್ಕೆ ಕೊಡುತ್ತಿದ್ದ ಅಂಟದ ಪಟ್ಟಿಯನ್ನು ಆಸ್ಪತ್ರೆಯವರು ನಿಲ್ಲಿಸಿದರು. ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಬಿಸಿಲು ಬಿದ್ದಿದೆ, ಅವಳ ಕಡೆಗೇ ಸರಿಯುತ್ತಿದೆ, ಅಡ್ಡ ಕೂತು ಮೊಣಕೈಗೆ ನೆರಳು ಹಿಡಿಯುತ್ತೇನೆ, ಅಪ್ಪಾ ನೀನೇನು ಕೊಡೆನಾ, ಹೂಂ ಕಣಮ್ಮಾ, ಹಳೇ ಕೊಡೆ, ಕಡ್ಡಿ ಮುರಿದದ್ದು, ನಗುತ್ತಾಳೆ, ತುಟಿ ಸೀಳದ ಹಾಗೆ ನಗುವುದನ್ನೂ ಕಲಿತಿದ್ದಾಳೆ ಕಳ್ಳಿ — ಉಜ್ಜಿದರೆ ನೀರ್ಗುಳ್ಳೆ, ಎಳೆದರೆ ಕಿತ್ತು ಬರುವ ಚರ್ಮ, ಹುಟ್ಟುವಾಗಲೇ ತಂದದ್ದು, ಅರ್ಧ ನನ್ನಿಂದ, ಅರ್ಧ ಅವಳಮ್ಮನಿಂದ, ಮೂಗು ಮಾತ್ರ ಪೂರ್ತಿ ನಿಮ್ಮದೇ ಎಂದು ಹೆಂಡತಿ ಈಗಲೂ ರೇಗಿಸುತ್ತಾಳೆ — ಎಷ್ಟು ಜನಕ್ಕಿದೆ ಈ ಕಾಯಿಲೆ ಎಂದು ಹೋದ ವಾರ ಕೇಳಿದವರು ಈ ಬಾಗಿಲೊಳಗಿನ ಮೇಲಧಿಕಾರಿ, ಕೇಳಿ ಉತ್ತರವನ್ನೂ ತಾವೇ ಕೊಟ್ಟರು, ಲಕ್ಷಕ್ಕೊಬ್ಬರೂ ಇಲ್ಲ ಕಣ್ರೀ, ಇಷ್ಟು ಕಮ್ಮಿ ಜನಕ್ಕೆ ಅಷ್ಟು ದುಬಾರಿ ಪಟ್ಟಿ ತರಿಸಿದ್ರೆ ಮೇಲಿನವರು ಲೆಕ್ಕ ಕೇಳ್ತಾರೆ, ಹತ್ತಿಬಟ್ಟೆ ಸುತ್ತಿ, ಹತ್ತಿಬಟ್ಟೆ ಅಂಟುತ್ತೆ ಸಾರ್, ಬಿಚ್ಚುವಾಗ ಚರ್ಮಾನೂ ಬರುತ್ತೆ, ಹಾಗಾದ್ರೆ ಮುಂದಿನ ವಾರ ದಾನಿಗಳು ಬರ್ತಾರೆ, ಮಗೂನ ಕರ್ಕೊಂಡು ಬನ್ನಿ, ಒಂದು ಫೋಟೊ, ಅವರು ಮನಸ್ಸು ಮಾಡಿದ್ರೆ ಪಟ್ಟಿ ಬಂದೀತು — ಹೆಚ್ಚು ಮಕ್ಕಳಿಗೆ ಈ ಕಾಯಿಲೆ ಬಂದಿದ್ದರೆ ಇದೇ ಪಟ್ಟಿ ಅಗ್ಗವಾಗುತ್ತಿತ್ತಂತೆ, ಏನು ಬೇಡಿಕೊಳ್ಳಲಿ ನಾನು, ಬೀದಿಯ ಮಕ್ಕಳಿಗೆಲ್ಲ ಬರಲಿ ಅಂತಲೇ? ಲೆಕ್ಕವಂತೆ ಲೆಕ್ಕ. ಇವಳನ್ನು ನೋಡಿಕೊಳ್ಳಲು ಹೆಂಡತಿ ಬಿಟ್ಟ ಕೆಲಸ ಯಾರ ಲೆಕ್ಕದಲ್ಲಿದೆ, ಬೆಳಿಗ್ಗೆ ಇವಳನ್ನು ಟಬ್ಬಿನಲ್ಲಿ ಕೂರಿಸಿ ಹಳೇ ಪಟ್ಟಿ ನೆನೆಸಿ ನೆನೆಸಿ ಬಿಡಿಸುವಷ್ಟು ಹೊತ್ತೂ ನನ್ನ ಹೊಲಿಗೆ ಅಂಗಡಿಯ ಬಾಗಿಲು ಮುಚ್ಚಿರುತ್ತದೆ, ಗಿರಾಕಿಗಳು ಎದುರಿನ ಅಂಗಡಿ ಹತ್ತುತ್ತಾರೆ, ಅದು? ಆ ಮೇಷ್ಟ್ರ ಅಂಗಿ, ಅಯ್ಯೋ ಆ ಅಂಗಿ — ಮಗಳ ಬಟ್ಟೆ ಹೊಲಿದು ಹೊಲಿದು ಕೈಗೆ ಅದೇ ಅಭ್ಯಾಸವಾಗಿ ಮೇಷ್ಟ್ರದ್ದಕ್ಕೂ ಹೊಲಿಗೆಯೆಲ್ಲ ಹೊರಗೆ ಬಿಟ್ಟು, ಇಸ್ತ್ರಿ ಬೇರೆ ಹಾಕಿ ಕೊಟ್ಟಿದ್ದೆ, ಏನಯ್ಯಾ ಟೈಲರ್, ಹುಡುಗರೆದುರು ನನ್ನ ಮರ್ಯಾದೇನೇ ಉಲ್ಟಾ ಹೊಲಿದಿದೀಯಲ್ಲಯ್ಯಾ, ಬಟ್ಟೆಯ ದುಡ್ಡೂ ನಾನೇ ತೆತ್ತೆ, ಮನೆಗೆ ಬಂದು ಹೇಳಿದರೆ ಇವಳು ನಕ್ಕು ನಕ್ಕು, ನಿಧಾನಮ್ಮಾ ತುಟಿ, ತುಟಿ. ಒಳಗಿದ್ದರೆ ಹೊಲಿಗೆ ಮೈ ಉಜ್ಜುತ್ತದೆ, ಹೊರಗಿದ್ದರೆ ಇಲ್ಲ, ಅಷ್ಟೇ. ಕಾಣೋದಾದ್ರೆ ಚೆನ್ನಾಗಿ ಕಾಣ್ಲಿ ಅಪ್ಪಾ, ಕೆಂಪು ದಾರ ಹಾಕು, ಎಂದವಳು ಇವಳೇ, ಬಿಳಿ ಅಂಗಿ, ಹೆಗಲಿಂದ ಮಣಿಕಟ್ಟಿನವರೆಗೆ ಕೆಂಪು ದಾರ — ಬಾಗಿಲು ತೆರೆಯಿತು, ಮೇಲಧಿಕಾರಿ, ಹಿಂದೆ ಕ್ಯಾಮೆರಾದವನು, ಇದೇನ್ರೀ, ಟೈಲರ್ ಮಗಳಿಗೇ ಉಲ್ಟಾ ಅಂಗಿ, ಉಲ್ಟಾ ಅಲ್ಲ ಅಂಕಲ್, ನಂದು ಇದೇ ಸರಿ, ಎಂದಳು, ಅವರು ನಕ್ಕರು, ಒಳಗೆ ದೊಡ್ಡವರು ಕೂತಿದಾರೆ, ನೋಡಿದ್ರೆ ಏನಂದ್ಕೊಂಡಾರು, ತಿರುಗಿಸಿ ಹಾಕ್ರೀ, ಐದೇ ನಿಮಿಷ. ಐದು ನಿಮಿಷ ಉಜ್ಜಿದ್ದು ಮಾಯಲು ತಿಂಗಳು, ಆದರೆ ಪಟ್ಟಿ, ಡಬ್ಬಗಟ್ಟಲೆ ಪಟ್ಟಿ, ನೋವಿಲ್ಲದ ಬೆಳಗುಗಳು — ಕೈ ಗುಂಡಿಗೆ ಹೋಗಿದೆ, ಯಾರದಿದು ಕೈ, ನನ್ನದೇ, ಒಂದು ಗುಂಡಿ ಬಿಚ್ಚಿಯೂ ಆಗಿದೆ, ಇವಳು ಅಲ್ಲಾಡುತ್ತಿಲ್ಲ, ಟಬ್ಬಿನಲ್ಲಿ ಕೂರುವ ಹಾಗೆ ಹಲ್ಲು ಕಚ್ಚಿ ನಿಂತಿದ್ದಾಳೆ, ಅಪ್ಪ ಮಾಡುವುದೆಲ್ಲ ತನ್ನ ಒಳ್ಳೆಯದಕ್ಕೇ ಎಂದುಕೊಂಡು — ಗುಂಡಿ ಹಾಕುತ್ತೇನೆ. ಏನಾಯ್ತ್ರೀ, ಬೇಗ. ತಿರುಗಿಸಲ್ಲ ಸಾರ್. ಪಟ್ಟಿ ಬೇಡ್ವಾ ಹಾಗಾದ್ರೆ? ಬೇಕು. ಅಂಗಿ ತಿರುಗಿಸಲ್ಲ. ಬಿಳಿ ಅಂಗಿ, ಹೆಗಲಿಂದ ಮಣಿಕಟ್ಟಿನವರೆಗೆ ಕೆಂಪು ದಾರ, ಕೆಂಪು ದಾರ