ಕ್ಯಾಪ್ಟನ್ ಕುಡಿದಿದ್ದರಂತೆ

ಚಕ್ರ ಬಿಚ್ಚದ ವಿಮಾನ ಹೊಟ್ಟೆಯ ಮೇಲೆ ಉಜ್ಜಿಕೊಂಡು ಇಳಿದು, ರನ್‌ವೇ ದಾಟಿ ಗೋಡೆಗೆ ಬಡಿದ ದಿನದಿಂದ ಊರಿಗೆ ಊರೇ ವಿಮಾನದ ಎಂಜಿನಿಯರ್ ಆಗಿಬಿಟ್ಟಿತ್ತು. ಪ್ರಯಾಣಿಕರೆಲ್ಲ ಹೇಗೋ ಬದುಕಿಕೊಂಡಿದ್ದರು. ಕ್ಯಾಪ್ಟನ್ ಮಾತ್ರ ಕೂತ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ಪಕ್ಕದಲ್ಲಿದ್ದ ಸಹಪೈಲಟ್ ಹುಡುಗಿ ದವಡೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದಳು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದಿದ್ದರು. ನಡೆದದ್ದನ್ನು ಕಣ್ಣಾರೆ ಕಂಡವಳಿಗೆ ಬಾಯಿ ತೆರೆಯುವಂತಿಲ್ಲ. ಕಾಣದವರ ಬಾಯಿಗೆ ಬಿಡುವೇ ಇಲ್ಲ.

ಅವಳ ಅಕ್ಕನದು ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ. ಕಣ್ಣಿನ ಪರೀಕ್ಷೆಯೂ ಅಲ್ಲೇ, ಫ್ರೇಮೂ ಅಲ್ಲೇ. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ, ಓದಿಸಿ, ಆಕಾಶಕ್ಕೆ ಕಳಿಸಿದವಳು ಅವಳೇ.

ಮೊದಲು ಹಕ್ಕಿ ಬಡಿಯಿತು ಅಂದರು. ಹಕ್ಕಿ ಬಿಟ್ಟು ಇಂಧನಕ್ಕೆ ಬಂದರು, ಇಂಧನದಿಂದ ಮಂಜಿಗೆ ಹೋದರು. ಕೊನೆಗೆ, ಸಹಪೈಲಟ್ ಹೆಂಗಸು ಅನ್ನುವುದು ಯಾರಿಗೋ ನೆನಪಾಯಿತು. ಅಲ್ಲಿಂದಾಚೆಗೆ ಬೇರೆ ಕಾರಣ ಹುಡುಕಿ ತಲೆ ಕೆಡಿಸಿಕೊಳ್ಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಒಬ್ಬಾತ ಅಂಗಡಿಗೆ ಬಂದು ಒಂದೊಂದೇ ಫ್ರೇಮು ಮೂಗಿಗೇರಿಸುತ್ತಾ ಕೇಳಿದ, "ತಂಗಿ ಕಣ್ಣೂ ನೀವೇ ನೋಡ್ತಿದ್ರಾ ಮೇಡಂ?"

"ಚಿಕ್ಕಂದಿನಿಂದ ನಾನೇ ನೋಡಿರೋದು. ಏನೇನೂ ದೋಷ ಇಲ್ಲ, ಹದ್ದಿನ ಕಣ್ಣು ಅವಳದು."

ಆತನ ಜೇಬಿನಲ್ಲಿ ಮೊಬೈಲು ತಲೆ ಎತ್ತಿ ನಿಂತಿದ್ದನ್ನು ಅವಳು ಗಮನಿಸಲಿಲ್ಲ. ಸಂಜೆಗೆ ಹದ್ದು ಹಾರಿಹೋಗಿ, 'ಚಿಕ್ಕಂದಿನಿಂದ ನಾನೇ ನೋಡಿರೋದು' ಅನ್ನುವಷ್ಟು ತುಣುಕು ಮಾತ್ರ ಎಲ್ಲರ ಮೊಬೈಲಿನಲ್ಲಿತ್ತು. ಕಣ್ಣು ಕಾಣದವಳಿಗೆ ವಿಮಾನ ಕೊಟ್ಟವರು ಯಾರು ಎಂದು ಜನ ಕೇಳತೊಡಗಿದರು. ಮರುದಿನ ಅಂಗಡಿಯ ಗಾಜಿನ ಮೇಲೆ ಯಾರೋ ಉಗಿದು ಹೋಗಿದ್ದರು. ಅವಳು ಬಟ್ಟೆ ತಂದು ಒರೆಸಿದಳು.

ಆಸ್ಪತ್ರೆಯಲ್ಲಿ ತಂಗಿ ಮೊಬೈಲಿನಲ್ಲಿ ಬರೆದು ತೋರಿಸಿದಳು: "ಚಕ್ರ ಇಳಿಯಲೇ ಇಲ್ಲ. ಕ್ಯಾಪ್ಟನ್ ಕೈ ಒಂಚೂರೂ ನಡುಗಲಿಲ್ಲ ಅಕ್ಕ. ಇಷ್ಟು ಜನ ಉಳಿದಿರೋದು ಅವರಿಂದ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಾಲು ಸೇರಿಸಿದಳು: "ತನಿಖೆಯವರು ಕೇಳೋವರೆಗೆ ಇದು ನಿನ್ನಲ್ಲೇ ಇರಲಿ."

ಅಷ್ಟರಲ್ಲಿ ಗಾಳಿ ತಿರುಗಿತು. ನಿವೃತ್ತ ಬ್ಯಾಂಕ್ ಮ್ಯಾನೇಜರರೊಬ್ಬರು, ಹಳೆಯ ಗಿರಾಕಿ, ಕನ್ನಡಕದ ಗಾಜು ಬದಲಿಸಲು ಬಂದವರು ದನಿ ತಗ್ಗಿಸಿ ಅಂದರು, "ಕ್ಯಾಪ್ಟನ್ ಕುಡಿದಿದ್ದರಂತೆ ಕಣಮ್ಮ. ಪಾಪ, ನಿಮ್ಮ ತಂಗೀನೇ ಹೇಗೋ ಇಳಿಸಿದಳಂತೆ."

ಎಷ್ಟೋ ದಿನದ ಮೇಲೆ ಕಿವಿಗೆ ಬಿದ್ದ ಮೊದಲ ಒಳ್ಳೆಯ ಮಾತು ಅದು. 'ಇಲ್ಲ ಸಾರ್' ಎನ್ನುವುದು ಅವಳ ನಾಲಿಗೆಯ ತುದಿಗೆ ಬಂದಿತ್ತು.

"ಏನು ಹೇಳೋದು ಸಾರ್. ಅವಳು ಬದುಕಿದಳಲ್ಲ, ಅಷ್ಟು ಸಾಕು," ಎಂದು ಉಸಿರುಬಿಟ್ಟಳು.

ಮಿಕ್ಕಿದ್ದನ್ನು ಆ ಉಸಿರು ನೋಡಿಕೊಂಡಿತು. ಮುಂದಿನ ಗಿರಾಕಿಗೆ "ಸತ್ತವರ ವಿಷಯ, ನಾವು ಬಾಯಿ ಬಿಡಬಾರದು" ಅಂದಳು. ಅಂಗಡಿ ಮತ್ತೆ ತುಂಬತೊಡಗಿತು. ಉಗಿದವರ ಪೈಕಿಯೇ ಯಾರೋ ಇರಬೇಕು, ತಂಗಿಗೆಂದು ಹಣ್ಣು ತಂದುಕೊಟ್ಟರು. ಅದೇ ವಾರ ಕ್ಯಾಪ್ಟನ್ ಮನೆಯ ಗೇಟಿನ ಮುಂದೆ ಖಾಲಿ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದ ವಿಡಿಯೋ ಬಂತು. ನೈಟಿ ಮೇಲೊಂದು ಶಾಲು ಹೊದ್ದ ಹೆಂಗಸು ಅವನ್ನು ಒಂದೊಂದಾಗಿ ಬಕೆಟ್ಟಿಗೆ ಹಾಕುತ್ತಿದ್ದಳು. ಅಕ್ಕ ಮೊಬೈಲನ್ನು ಬೋರಲು ಹಾಕಿ ಒಲೆಯ ಮುಂದೆ ಹೋಗಿ ನಿಂತಳು.

ತಂತಿ ಬಿಚ್ಚಿಸಿಕೊಂಡು ತಂಗಿ ಮನೆಗೆ ಬಂದಳು. ನೋಡಲು ಬಂದ ಪಕ್ಕದ ಮನೆಯವರು "ಆ ಕುಡುಕನ ಪಕ್ಕ ಕೂತು ಬದುಕಿ ಬಂದೆಯಲ್ಲಮ್ಮ" ಎಂದು ಅವಳ ತಲೆ ಸವರಿ ಹೋದರು. ಬಾಗಿಲು ಹಾಕಿದ ಮೇಲೆ ತಂಗಿ ಇನ್ನೂ ಸಡಿಲವಾಗದ ದವಡೆಯಲ್ಲೇ ಕೇಳಿದಳು, "ಯಾರು ಹೇಳಿದ್ದು ಇದನ್ನ?"

"ಊರೆಲ್ಲ ಹೇಳ್ತಿದೆ."

"ನೀನು?"

"ನಾನೇನೂ ಹೇಳಲಿಲ್ಲ ಕಣೆ."

"ಅಲ್ಲ ಅಂತ ಹೇಳಿದೆಯಾ?"

ಅಕ್ಕ ಹಾಸಿಗೆಯ ಸುಕ್ಕು ಸರಿಮಾಡುತ್ತಾ ಅಂದಳು, "ಯಾರಿಗೂ ಹೇಳಬೇಡ ಅಂದವಳು ನೀನೇ. ನಿನ್ನ ಮೇಲೆ ಉಗೀತಿದ್ದರು, ಒರೆಸಿದೋಳು ನಾನು. ಅವರು ಹೋಗಿಬಿಟ್ಟರು. ನೀನು ಇನ್ನೂ ಹಾರಬೇಕು."

"ಅವರ ಹೆಂಡತಿ ಇದ್ದಾರಲ್ಲ ಅಕ್ಕ."

ತಂಗಿ ಆ ಮಧ್ಯಾಹ್ನವೇ ಕ್ಯಾಪ್ಟನ್ ಮನೆಗೆ ಹೋದಳು. ಹಿಂದಿರುಗಿ ಬಂದದ್ದು ಬಟ್ಟೆ ತುಂಬಿಕೊಳ್ಳಲು ಮಾತ್ರ. ವಿಮಾನ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದಳು. ಅಕ್ಕ ಫೋನ್ ಮಾಡಿದರೆ "ಚೆನ್ನಾಗಿದ್ದೀನಿ" ಅಂದು ಇಟ್ಟುಬಿಡುತ್ತಿದ್ದಳು.

ತನಿಖೆಯ ವರದಿ ಬರುವ ಹೊತ್ತಿಗೆ ಜನ ಬೇರೆ ಸುದ್ದಿಗೆ ಹೋಗಿದ್ದರು. ಚಕ್ರದ ಕೀಲೊಂದು ಬಿರುಕು ಬಿಟ್ಟಿತ್ತು, ರಿಪೇರಿಯವರು ನೋಡಿರಲಿಲ್ಲ, ಕ್ಯಾಪ್ಟನ್ ರಕ್ತದಲ್ಲಿ ಮದ್ಯದ ಸುಳಿವೇ ಇರಲಿಲ್ಲ ಎಂದು ಪತ್ರಿಕೆಯ ಒಳಪುಟದ ಮೂಲೆಯಲ್ಲಿತ್ತು. ಅದನ್ನು ಓದಿಕೊಂಡೇ ಮ್ಯಾನೇಜರ್ ಅಂಗಡಿಗೆ ಬಂದರು. ನಾಲ್ಕಾರು ಜನ ಕಾಯುತ್ತಿದ್ದರು.

"ವರದಿ ಗಿರದಿ ಎಲ್ಲ ಹೀಗೇ ಮುಚ್ಚಿಹಾಕ್ತಾರಮ್ಮ. ನಮಗೆ ಗೊತ್ತಿಲ್ವಾ?"

"ಇಲ್ಲ ಸಾರ್," ಅವಳ ದನಿ ಎಲ್ಲರಿಗೂ ಕೇಳುವಂತಿತ್ತು. "ಅವರು ಕುಡಿದಿರಲಿಲ್ಲ. ನನಗೆ ಮೊದಲಿಂದ ಗೊತ್ತಿತ್ತು. ನಾನು ಹೇಳಲಿಲ್ಲ, ಅಷ್ಟೇ."

ಮ್ಯಾನೇಜರ್ ಅವಳನ್ನು ಅಕ್ಕರೆಯಿಂದ ನೋಡಿ, ಕಾಯುತ್ತಿದ್ದವರ ಕಡೆ ತಿರುಗಿದರು. "ನೋಡಿ, ದೊಡ್ಡ ಮನಸ್ಸು ಅಂದರೆ ಇದು. ಸತ್ತವನ ಮಾನ ಉಳಿಸೋಕೆ ತಪ್ಪನ್ನ ತನ್ನ ಮೇಲೇ ಹಾಕ್ಕೊಳ್ತಿದ್ದಾರೆ."

ಎಲ್ಲರೂ ಹೌದೆಂದು ತಲೆಯಾಡಿಸಿದರು.