ಜಗಲಿ ಮೇಲೆ ನಾಲ್ಕೇ ಜನ

ಅರ್ನೆಟ್ ಬೀದಿಯಲ್ಲಿ ಇಪ್ಪತ್ತೆರಡು ಹಳೆಯ ಮರದ ಮನೆಗಳಿವೆ. ಅವುಗಳಲ್ಲಿ ಹತ್ತೊಂಬತ್ತಕ್ಕೆ ನಾನೇ ಗೆದ್ದಲಿನ ಔಷಧಿ ಹೊಡೆದಿದ್ದೇನೆ. ಆದರೆ ಆ ಬೀದಿಯಲ್ಲಿ ಯಾರನ್ನೇ ಕೇಳಿ, ಗೆದ್ದಲನ್ನು ಅವರು ಕಣ್ಣಿಂದ ಕಂಡವರೇ ಅಲ್ಲ. ಎದುರು ಮನೆಯಲ್ಲಿ ಇರಬಹುದು ಎನ್ನುತ್ತಾರೆ. 'ಜಗ್ಲಾಲ್ – ಗೆದ್ದಲು, ಜಿರಳೆ, ಇಲಿ' ಎಂದು ವ್ಯಾನಿನ ಮೇಲೆ ಮೊಳದುದ್ದದ ಅಕ್ಷರದಲ್ಲಿ ಬರೆಸಿದ್ದು ನನ್ನ ದಡ್ಡತನ. ಅದನ್ನು ಯಾರೂ ತಮ್ಮ ಗೇಟಿನ ಮುಂದೆ ನಿಲ್ಲಿಸಗೊಡುವುದಿಲ್ಲ. ತಿರುವಿನಲ್ಲಿ ಬೇಕರಿಯ ಹಿಂದೆ ನಿಲ್ಲಿಸಿ, ಪಂಪು, ಡಬ್ಬಗಳನ್ನೆಲ್ಲ ಗೋಣಿಯಲ್ಲಿ ಸುತ್ತಿಕೊಂಡು, ಹಿತ್ತಲ ಬಾಗಿಲಿನಿಂದ ಒಳಗೆ ಹೋಗಬೇಕು. ಮೂವತ್ತೊಂದು ವರ್ಷ ಹೀಗೆ ಕಳ್ಳನಂತೆ ಓಡಾಡಿದ ಮೇಲೆ ನನಗೆ ಒಂದು ವಿಷಯ ಅರ್ಥವಾಗಿದೆ. ಈ ಜನಕ್ಕೆ ನನ್ನ ಔಷಧಿಗಿಂತ ನನ್ನ ಬಾಯಿಯ ಬೀಗದ ಮೇಲೆ ನಂಬಿಕೆ ಹೆಚ್ಚು.

ಹದಿನಾಲ್ಕನೇ ನಂಬರಿನ ಮಿಸ್ ಅರ್ಮಿನ್ ದೆಲ್ಜಿನ್ ನನಗೆ ಎರಡನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಈಗ ಎಪ್ಪತ್ತಾರು ದಾಟಿದೆ. ಶಾಲೆಯಲ್ಲಿ ಗದ್ದಲವಾದರೆ ಅವರು ಕೂಗುತ್ತಿರಲಿಲ್ಲ, ಬಲಗಾಲಿನ ಹಿಮ್ಮಡಿಯಿಂದ ಮರದ ನೆಲವನ್ನು ಒಮ್ಮೆ ಕುಟ್ಟುತ್ತಿದ್ದರು. ಅಷ್ಟಕ್ಕೆ ನಲವತ್ತು ಮಕ್ಕಳು ಉಸಿರು ಬಿಗಿಹಿಡಿಯುತ್ತಿದ್ದೆವು. ಬೀದಿಯ ಹಳೇ ಮನೆಗಳನ್ನು ಉಳಿಸಿಕೊಳ್ಳುವ ಸಮಿತಿಗೆ ಅವರೇ ಅಧ್ಯಕ್ಷೆ. ಕಾಂಕ್ರೀಟು ಮನೆ ಕಟ್ಟಿಸಿದವರನ್ನು ಕಂಡರೆ ಮೂಗು ಮುರಿಯುತ್ತಾರೆ. ಅವರ ಮನೆಯ ಜಗಲಿಗೆ ಕಸೂತಿಯಂತೆ ಕೊರೆದ ಮರದ ಅಂಚು, ಬಿಳಿ ಕಟಕಟೆ, ಆರು ಮೆಟ್ಟಿಲು. ರಾಜಧಾನಿ ಪೋರ್ಟ್ ಆಫ್ ಸ್ಪೇನಿನಿಂದ ಜನ ಫೋಟೋ ತೆಗೆಯಲು ಬರುತ್ತಾರೆ.

ನವೆಂಬರಿನಲ್ಲಿ ಅವರು ಹೇಳಿಕಳಿಸಿದಾಗ ನಾನು ಜಗಲಿಯ ಕೆಳಗೆ ತೆವಳಿಕೊಂಡು ಹೋದೆ. ಮುಂದಿನ ದೊಡ್ಡ ತೊಲೆಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. ಕ್ರಿಸ್ಮಸ್ ಬಂತೆಂದರೆ ನಮ್ಮಲ್ಲಿ ಮನೆಗೆ ಹೊಸ ಬಣ್ಣ, ಕಿಟಕಿಗೆ ಹೊಸ ಪರದೆ ಆಗಲೇಬೇಕು. ಮಿಸ್ ಅರ್ಮಿನ್ ನಲವತ್ತು ವರ್ಷ ಒಂದನ್ನೂ ತಪ್ಪಿಸಿದವರಲ್ಲ. ಆ ತೊಲೆಯಲ್ಲಿ ಮರವನ್ನು ಗೆದ್ದಲು ತಿಂದು ಮುಗಿಸಿತ್ತು, ಜಗಲಿಯನ್ನು ಹೊತ್ತು ನಿಂತಿದ್ದು ನಲವತ್ತು ಕ್ರಿಸ್ಮಸ್‌ಗಳ ಬಿಳಿ ಬಣ್ಣ.

ಹನ್ನೆರಡು ತೂತು ಕೊರೆದು ಔಷಧಿ ತುಂಬಿದೆ. ಮುಂದಿನ ವಾರ ಮತ್ತೆ ತುಂಬಬೇಕು, ಆಮೇಲೆ ತೊಲೆಯನ್ನೇ ಬದಲಿಸಬೇಕು ಎಂದು ಹೇಳಿ ಬಂದೆ. ಮುಂದಿನ ವಾರ ಹೋದರೆ ತೂತುಗಳೇ ಇಲ್ಲ. ನೋಡಲು ಅಸಹ್ಯವಾಗಿದೆಯೆಂದು ಪುಟ್ಟಿ ತುಂಬಿಸಿ ಮೇಲೆ ಬಣ್ಣ ಬಳಿಸಿದ್ದರು. ನನಗೆ ಮೈ ಉರಿದು ಹೋಯಿತು. ಹೋಗಲಿ, ಕೆಳಗೆ ಒಂದು ಕಬ್ಬಿಣದ ಆಸರೆಯನ್ನಾದರೂ ಕೊಡುತ್ತೇನೆ ಎಂದೆ. ಅದು ರಸ್ತೆಗೆ ಕಾಣುತ್ತದೆ, ಎದುರು ಮನೆಯ ಬ್ವಾಸೆಲ್ ಬೆಳಿಗ್ಗೆಯಿಂದ ಕಿಟಕಿಯಲ್ಲೇ ಇರುತ್ತಾಳೆ, ಏನು ಮಾಡುವುದಿದ್ದರೂ ಹಬ್ಬ ಕಳೆದ ಮೇಲೆ ಎಂದು ತೀರ್ಮಾನವಾಯಿತು.

"ಹಾಗಾದ್ರೆ ನಾಲ್ಕು ಜನಕ್ಕಿಂತ ಜಾಸ್ತಿ ಜಗಲಿ ಹತ್ತಿಸ್ಬೇಡಿ ಮಿಸ್. ಬಿದ್ರೆ ಯಾರದಾದ್ರೂ ಸೊಂಟ ಮುರಿಯುತ್ತೆ."

"ಜಗ್ಲಾಲ್, ಎರಡನೇ ಕ್ಲಾಸಲ್ಲಿ ನಿಂಗೆ ಮಗ್ಗಿ ಬರ್ತಿರ್ಲಿಲ್ಲ. ಈಗ ನಂಗೆ ಎಣಿಸೋದು ಹೇಳ್ಕೊಡ್ತೀಯಾ?"

ಹಾಗೆಂದರೂ ಅವರು ಹೆದರಿದ್ದರು. ಕ್ರಿಸ್ಮಸ್ಸಿನ ಹಿಂದಿನ ಭಾನುವಾರ ಪರಾಂಗ್ ಎಂಬ ಹಬ್ಬದ ಹಾಡು ಹಾಡುವವರು ಮನೆಮನೆಗೆ ಬರುವ ದಿನ. ಈ ಸಲ ಅವರನ್ನು ಅಂಗಳದಲ್ಲೇ ನಿಲ್ಲಿಸಿ ಹಾಡಿಸುತ್ತೇನೆ ಎಂದು ನನಗೆ ಮಾತು ಕೊಟ್ಟರು. ನೀನೂ ಬಂದಿರು ಎಂದರು. ಯಾರಾದರೂ ಕೇಳಿದರೆ ಹಳೇ ವಿದ್ಯಾರ್ಥಿ ಎನ್ನಬೇಕಂತೆ, ವ್ಯಾನು ಬೇಕರಿಯ ಹಿಂದೆಯೇ ಇರಬೇಕಂತೆ.

ಭಾನುವಾರ ನಾಲ್ಕು ಗಂಟೆಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಒಳಗೆ ಮೇಜಿನ ಮೇಲೆ ಹಂದಿ ಮಾಂಸ, ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಪಾಸ್ಟೆಲ್ ಕಡುಬು, ರಮ್ಮಿನಲ್ಲಿ ನೆನೆದ ಕಪ್ಪು ಕೇಕು. ಹಾಡುವವರು ಬಂದರು. ಹದಿಮೂರು ಜನ, ಎಲ್ಲರೂ ಅದೇ ಬೀದಿಯವರು. ನಾಲ್ಕು ತಂತಿಯ ಪುಟ್ಟ ಗಿಟಾರಾದ ಕ್ವಾತ್ರೋ ಬಾರಿಸುವ ಮುದುಕ ಪಾಂತೋರ್, ಗಿಲಕಿ ಹಿಡಿದ ಅವನ ಮಗ, ಸೊಸೆ, ಎಲ್ಲರಿಗಿಂತ ಮುಂದೆ ಮಿಸೆಸ್ ಬ್ವಾಸೆಲ್. ಮಿಸ್ ಅರ್ಮಿನ್ ಅಂಗಳಕ್ಕೆ ಇಳಿದು, ಸೆಕೆ ಜಾಸ್ತಿ, ಇಲ್ಲಿ ಗಾಳಿ ಚೆನ್ನಾಗಿದೆ ಎಂದು ಶುರುಮಾಡಿದರು. ಪರಾಂಗಿನವರನ್ನು ಹೊರಗೇ ನಿಲ್ಲಿಸಿದರೆ ಅವರಿಗೆ ಅವಮಾನ, ನಿಲ್ಲಿಸಿದವರಿಗೆ ವರ್ಷವಿಡೀ ಕೆಟ್ಟ ಹೆಸರು.

"ಯಾಕೆ ಅರ್ಮಿನ್, ಜಗಲಿಗೇನಾದ್ರೂ ಆಗಿದ್ಯಾ?" ಬ್ವಾಸೆಲ್ ಕೇಳಿದಳು. ಸಕ್ಕರೆಯಂಥ ದನಿ.

ಮಿಸ್ ಅರ್ಮಿನ್ ಮುಖ ಕೆಂಪಾಯಿತು. ನನ್ನ ಕಡೆ ನೋಡಲಿಲ್ಲ. "ಏನಾಗುತ್ತೆ? ಬನ್ನಿ, ಎಲ್ರೂ ಮೇಲೆ ಬನ್ನಿ" ಎಂದರು.

ಬಂದರು. ನಾನು ಒಳಬಾಗಿಲಲ್ಲಿ ನಿಂತು ಎಣಿಸಿದೆ. ನಾಲ್ಕು, ಏಳು, ಹತ್ತು. ಹದಿಮೂರನೆಯವನು ಪೆಟ್ಟಿಗೆಯಷ್ಟು ದೊಡ್ಡ ವಾದ್ಯ ಹೊತ್ತು ಬಂದ. ಹಾಡು ಶುರುವಾಯಿತು. ಪರಾಂಗನ್ನು ನಿಂತಲ್ಲೇ ನಿಂತು ಯಾರೂ ಹಾಡುವುದಿಲ್ಲ, ಕಾಲು ಕುಣಿಯಬೇಕು. ಕಟಕಟೆಯ ಬುಡದಲ್ಲಿ ಹೊಸ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಬಿರುಕಿನಿಂದ ಹಿಟ್ಟಿನಂಥ ಪುಡಿ ಉದುರತೊಡಗಿತು. ಪಾಂತೋರನಿಗೆ ಎಂಬತ್ತೊಂದು. ನಾನು ಬಾಯಿ ಬಿಟ್ಟರೆ ಈ ಬೀದಿಯಲ್ಲಿ ನನ್ನ ಕಸುಬು ಮುಗಿಯಿತು. ಬಿಡದಿದ್ದರೆ ಆ ಮುದುಕ ಮುಗಿದ.

"ಹಾಡು ನಿಲ್ಸಿ. ಕೆಳಗಿನ ತೊಲೆ ಪೂರ್ತಿ ಗೆದ್ದಲು ತಿಂದಿದೆ. ಮೆತ್ತಗೆ ಇಳೀರಿ" ಎಂದೆ.

ಹಾಡು ನಿಂತಿತು. ಇಂಥ ಶುದ್ಧ ಬೀದಿಯಲ್ಲಿ ಗೆದ್ದಲೇ ಎಂದು ಒಬ್ಬರಾದರೂ ಬೆರಗಾಗಬೇಕಿತ್ತು. ಯಾರೂ ಆಗಲಿಲ್ಲ. ಹದಿಮೂರು ಜನರೂ ಒಟ್ಟಿಗೆ ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತರು. ಗೋಡೆಯ ಬದಿಗೆ ಸರಿದು, ಹಲಗೆಗೆ ಮೊಳೆ ಹೊಡೆದ ಸಾಲಿನ ಮೇಲಷ್ಟೇ ಕಾಲಿಡುತ್ತ, ಒಬ್ಬರ ಹಿಂದೊಬ್ಬರು ಸದ್ದಿಲ್ಲದೆ ಇಳಿದರು. ಎಲ್ಲಿ ಕಾಲಿಟ್ಟರೆ ಹಲಗೆ ತಡೆಯುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ತಂತಮ್ಮ ಮನೆಗಳಲ್ಲಿ ದಿನವೂ ಹಾಗೇ ನಡೆಯುವವರು. ಎಲ್ಲರಿಗಿಂತ ಚೊಕ್ಕವಾಗಿ ಇಳಿದವಳು ಬ್ವಾಸೆಲ್.

ಜಗಲಿಯ ಮೇಲೆ ಮಿಸ್ ಅರ್ಮಿನ್ ಒಬ್ಬರೇ ಉಳಿದರು. ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

"ಇವನು ಶಾಲೆಯಲ್ಲೂ ಹೀಗೇ, ಬರೀ ಸುಳ್ಳು" ಎಂದರು ಅಂಗಳದ ಕಡೆಗೆ. "ನಮ್ಮಪ್ಪ ಕಟ್ಟಿಸಿದ ಮನೆ ಇದು. ನೋಡಿ."

ಬಲಗಾಲಿನ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಕುಟ್ಟಿದರು.

ಸದ್ದೇನೂ ದೊಡ್ಡದಾಗಲಿಲ್ಲ. ಒದ್ದೆ ಬಿಸ್ಕತ್ತು ಮುರಿದಷ್ಟೇ. ಹಲಗೆ ಒಳಗೆ ಹೋಯಿತು, ಹಲಗೆಯ ಜೊತೆ ಮಿಸ್ ಅರ್ಮಿನ್ ಅವರ ಕಾಲು ತೊಡೆಯವರೆಗೆ ಹೋಯಿತು. ಪಾಂತೋರನ ಮಗನೂ ನಾನೂ ಸೇರಿ ಎತ್ತುವಾಗ ಅವರು ನರಳಲಿಲ್ಲ. ನನ್ನ ತೋಳು ಹಿಡಿದುಕೊಂಡು ಕೇಳಿದರು:

"ವ್ಯಾನು ಎಲ್ಲಿದೆ?"

"ಬೇಕರಿ ಹಿಂದೆ, ಮಿಸ್."

"ತಂದು ಗೇಟಿನ ಮುಂದೆ ನಿಲ್ಸು. ಇನ್ನೇನು ಉಳೀತು ಮುಚ್ಚಿಡೋಕೆ."

ಅದೇ ವ್ಯಾನಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಕಣಕಾಲು ಮುರಿದಿತ್ತು. ಅವರ ಅಹಂಕಾರ ಅವರ ಕಾಲನ್ನೇ ತಿಂದಿತೆಂದು ಒಂದು ಗಳಿಗೆ ನನಗೆ ಖುಷಿಯಾದದ್ದು ನಿಜ. ದಾರಿಯಲ್ಲಿ ಅವರು ಮುಖ ಆಚೆ ತಿರುಗಿಸಿಕೊಂಡು ಅತ್ತಾಗ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಜನವರಿಯಲ್ಲಿ ತೊಲೆ ಬದಲಿಸುವ ಕೆಲಸ ಹಿಡಿದೆ. ವ್ಯಾನು ರಾಜಾರೋಷವಾಗಿ ಹದಿನಾಲ್ಕರ ಗೇಟಿನ ಮುಂದೆ ನಿಂತಿತು. ಕಸುಬು ಮುಗಿಯಿತೆಂದುಕೊಂಡಿದ್ದವನಿಗೆ ಮೂರನೇ ದಿನದಿಂದ ಫೋನುಗಳು ಬರತೊಡಗಿದವು. ಮೊದಲನೆಯದು ಬ್ವಾಸೆಲ್‌ದು. ಪಿಸುಗುಟ್ಟುತ್ತಿದ್ದಳು. ವ್ಯಾನು ಅರ್ಮಿನ್ ಮನೆ ಮುಂದೆಯೇ ಇರಲಿ, ನೀನು ಮಾತ್ರ ಹಿತ್ತಲಿಂದ ಬಾ ಎಂದಳು. ಹನ್ನೊಂದು ಮನೆಯವರು ಹಾಗೇ ಹೇಳಿದರು, ಮಾತು ಕೂಡ ಹೆಚ್ಚುಕಡಿಮೆ ಅದೇ. ಮೂರು ವಾರ ನಾನು ಇಡೀ ಬೀದಿಗೆ ಔಷಧಿ ಹೊಡೆದೆ. ವ್ಯಾನು ಮಾತ್ರ ಒಂದೇ ಮನೆಯ ಮುಂದೆ ನಿಂತಿತ್ತು. ಪಾಪ, ಅರ್ಮಿನ್ ಮನೆಯಲ್ಲಿ ಅದೆಷ್ಟು ಗೆದ್ದಲೋ ಎಂದು ಹೋಗುವವರು ಬರುವವರು ಲೊಚಗುಟ್ಟಿದರು. ನನ್ನ ಬಾಯಿಗೆ ಬೀಗ ಮತ್ತೆ ಬಿದ್ದಿತ್ತು.

ಮಿಸ್ ಅರ್ಮಿನ್ ಹೊಸ ಜಗಲಿಯ ಮೇಲೆ, ಪ್ಲಾಸ್ಟರ್ ಹಾಕಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ದಿನವೆಲ್ಲ ಕೂತಿರುತ್ತಿದ್ದರು. ನಾನು ಗೋಣಿ ಹೊತ್ತು ಯಾವ ಓಣಿಗೆ ತಿರುಗುತ್ತೇನೆ, ಯಾವ ಮನೆಯ ಯಾವ ಮೂಲೆಯಿಂದ ನನ್ನ ಕೊರೆತದ ಸದ್ದು ಬರುತ್ತದೆ, ಎಷ್ಟು ಹೊತ್ತಿಗೆ ಹೊರಗೆ ಬರುತ್ತೇನೆ ಎಲ್ಲವನ್ನೂ ಗಮನಿಸುತ್ತಿದ್ದರೆಂದು ನನಗೆ ಹೊಳೆದಿರಲಿಲ್ಲ.

ಒಂದು ಭಾನುವಾರ ಚರ್ಚು ಬಿಟ್ಟ ಹೊತ್ತಿಗೆ ನಾನು ವ್ಯಾನಿನಿಂದ ಡಬ್ಬ ಇಳಿಸುತ್ತಿದ್ದೆ. ಬೀದಿಯ ತುಂಬ ಜನ. ಬ್ವಾಸೆಲ್ ಗೇಟಿಗೆ ಒರಗಿ, ಇನ್ನೂ ಮುಗಿದಿಲ್ಲವೇ ಅರ್ಮಿನ್, ಪಾಪ, ನಿನಗಾಗಿ ಪ್ರಾರ್ಥನೆ ಮಾಡಿದೆವು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಮಿಸ್ ಅರ್ಮಿನ್ ಜಗಲಿಯಿಂದಲೇ ನನ್ನನ್ನು ಕರೆದರು. ನಲವತ್ತು ಮಕ್ಕಳಿಗೆ ಹಾಜರಿ ಕರೆಯುತ್ತಿದ್ದ ಅದೇ ದನಿ.

"ಜಗ್ಲಾಲ್, ಬ್ವಾಸೆಲ್ ಅವರ ಅಡುಗೆಮನೆ ತೊಲೆ ನಿನ್ನೆ ಮುಗೀತಲ್ವಾ? ಪಾಂತೋರ್ ಮನೆ ಮೆಟ್ಟಿಲು ಶುಕ್ರವಾರವೇ ಆಯ್ತು. ಏಳನೇ ನಂಬರಿನ ಬಚ್ಚಲು, ಹದಿನೆಂಟರ ಮಾಡು, ಅವೆರಡು ಬಾಕಿ. ಹೌದೋ ಇಲ್ವೋ?"

ಇಡೀ ಬೀದಿ ನನ್ನ ಬಾಯನ್ನೇ ನೋಡುತ್ತಿತ್ತು. ನಾನು ಡಬ್ಬವನ್ನು ಕೆಳಗಿಟ್ಟು ನೆಟ್ಟಗೆ ನಿಂತೆ.

"ಎಸ್, ಮಿಸ್" ಎಂದೆ.