ಬಲಕ್ಕೆ ಹೋಗುವ ಚೆಂಡು

ಎಂ.ಡಿ. ಸಾಹೇಬರು ಗಾಲ್ಫ್ ಚೆಂಡನ್ನು ಹೊಡೆದರೆ ಅದು ಮೊದಲು ನೇರವಾಗಿಯೇ ಹೊರಡುತ್ತಿತ್ತು. ಅಬ್ಬಾ, ಇವತ್ತು ದಾರಿಗೆ ಬಂತು ಎಂದು ನೋಡುವವರು ಅಂದುಕೊಳ್ಳುವಷ್ಟರಲ್ಲಿ, ಯಾರೋ ಕೂಗಿ ಕರೆದ ಹಾಗೆ ಬಲಕ್ಕೆ ವಾಲಿ, ಮೈದಾನದ ಅಂಚಿನ ಮರಗಳ ನಡುವೆ ಬಿದ್ದು ಕಾಣೆಯಾಗುತ್ತಿತ್ತು. ಗಾಲ್ಫ್ ಆಡುವವರು ಇದಕ್ಕೆ ಸ್ಲೈಸ್ ಅನ್ನುತ್ತಾರೆ. ನಲ್ಲಿ ತಯಾರಿಸುವ ಆ ಕಂಪನಿಯಲ್ಲಿ ಮಾತ್ರ ಇದಕ್ಕೆ ಹೆಸರೇ ಇರಲಿಲ್ಲ. ಸಾಹೇಬರಿಗೆ ಇಂಥದೊಂದು ರೋಗವಿದೆ ಎಂದು ಬಾಯಿಬಿಟ್ಟು ಹೇಳುವ ಗಂಡೆದೆ ಯಾರಿಗಿತ್ತು? "ಗಾಳಿ ಸರ್" ಎಂದು ಒಬ್ಬ, "ಚೆಂಡೇ ಸರಿಯಿಲ್ಲ ಸರ್" ಎಂದು ಇನ್ನೊಬ್ಬ. ಒಂದೆಲೆಯೂ ಅಲುಗಾಡದ ದಿನ ಸಹ ಗಾಳಿಯ ಮೇಲೆ ಗೂಬೆ ಕೂರಿಸಿ ಎಲ್ಲರೂ ಮರಗಳ ಕಡೆ ಹೆಜ್ಜೆ ಹಾಕುತ್ತಿದ್ದರು.

ಆ ಕಂಪನಿಯಲ್ಲಿ ದೊಡ್ಡವರನ್ನೆಲ್ಲ ಅವರವರ ವಿಭಾಗದ ಹೆಸರಿನಿಂದಲೇ ಕರೆಯುವ ರೂಢಿ. "ಅಕೌಂಟ್ಸ್ ಊಟಕ್ಕೆ ಹೋದ್ರು", "ಸೇಲ್ಸ್‌ಗೆ ನೆಗಡಿಯಂತೆ" ಎಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಸೇಲ್ಸ್‌ಗೆ ಬೆನ್ನ ಹಿಂದೆ ಬೆಣ್ಣೆ ಎಂಬ ಹೆಸರೂ ಇತ್ತು, ಯಾಕೆಂದು ವಿವರಿಸಬೇಕಾಗಿಲ್ಲ. ನಮ್ಮ ಕಥೆ ಕ್ವಾಲಿಟಿಯದು.

ಕ್ವಾಲಿಟಿಯ ಕೆಲಸ ಹೊಸ ನಲ್ಲಿಗಳನ್ನು ಪರೀಕ್ಷಿಸುವುದು. ಅವನ ಕೋಣೆಯಲ್ಲಿ ಒಂದು ಯಂತ್ರ ದಿನವಿಡೀ ನಲ್ಲಿಗಳನ್ನು ತಿರುಗಿಸಿ, ಮುಚ್ಚಿ, ಮತ್ತೆ ತಿರುಗಿಸುತ್ತಿತ್ತು. ಅವನು ಒಂದೊಂದಕ್ಕೂ ಬೆರಳು ಒಡ್ಡಿ ತೇವ ಹತ್ತುತ್ತದೆಯೇ ಎಂದು ನೋಡುತ್ತಿದ್ದ. ಡಬ್ಬಿಯ ಮೇಲೆ "ತೊಟ್ಟಿಕ್ಕುವುದಿಲ್ಲ" ಎಂದು ಅಚ್ಚಾಗಿದ್ದರೆ ಒಳಗಿನ ನಲ್ಲಿ ತೊಟ್ಟಿಕ್ಕಬಾರದು. ಅವನ ಧರ್ಮ ಅಷ್ಟೇ. ಇಂಥ ಕೆಲಸ ಮಾಡಿ ಮಾಡಿ ಅವನಿಗೊಂದು ಕೆಟ್ಟ ಚಟ ಅಂಟಿಕೊಂಡಿತ್ತು. ಮನುಷ್ಯರು ಹೇಳಿದ್ದನ್ನೂ ಅವನು ನಂಬಿಬಿಡುತ್ತಿದ್ದ.

ಹಾಗಾಗಿ ವಾರ್ಷಿಕ ಸಭೆಯಲ್ಲಿ ಎಂ.ಡಿ. ಸಾಹೇಬರು ಮೈಕ್ ಹಿಡಿದು, "ನನಗೆ ಡೊಂಕು ಬೇಡ! ನೇರ ಹೋಗೋರು ಬೇಕು. ಬೇಕಾದ್ರೆ ನನ್ನನ್ನೇ ಹಿಂದೆ ಹಾಕಿ ಹೋಗಲಿ. ಕಾರ್ಖಾನೆಗೆ ಹೊಸ ಮುಖ್ಯಸ್ಥರನ್ನ ಆರಿಸುವಾಗ ನಾನು ನೋಡೋದು ಅದೊಂದನ್ನೇ" ಎಂದು ಗುಡುಗಿದಾಗ, ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮಾತನ್ನು ಕೇಳಿಸಿಕೊಂಡವನು ಕ್ವಾಲಿಟಿ ಒಬ್ಬನೇ.

ಕಾರ್ಖಾನೆಯ ಮುಖ್ಯಸ್ಥರು ನಿವೃತ್ತರಾಗಲಿದ್ದರು. ಆ ಕುರ್ಚಿ ಒಂದೋ ಬೆಣ್ಣೆಗೆ, ಇಲ್ಲವೇ ಕ್ವಾಲಿಟಿಗೆ ಎಂದು ಕ್ಯಾಂಟೀನಿನಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಕ್ವಾಲಿಟಿಗೆ ಅದು ಬೇಕಿತ್ತು, ತುಂಬಾ ಬೇಕಿತ್ತು. ಈಗಾದರೆ ಅವನು ಕೆಟ್ಟ ನಲ್ಲಿಗೆ ಕೆಂಪು ಚೀಟಿ ಅಂಟಿಸುತ್ತಿದ್ದ, ಬೆಣ್ಣೆ ಬಂದು ಅದನ್ನು ಕಿತ್ತು ಲಾರಿಗೆ ಹತ್ತಿಸುತ್ತಿದ್ದ. ಮುಖ್ಯಸ್ಥನಾದರೆ ಆ ಚೀಟಿಗೊಂದು ಬೆಲೆ ಬರುತ್ತಿತ್ತು. ಆ ಕೋಣೆಗೊಂದು ದೊಡ್ಡ ಕಿಟಕಿ ಇರುವುದೂ ಅವನ ಮನಸ್ಸಿನಲ್ಲಿತ್ತು ಅನ್ನಿ, ಅವನೇನು ಸನ್ಯಾಸಿಯಲ್ಲ.

ಕಂಪನಿಯ ದೊಡ್ಡವರು ವಾರಕ್ಕೊಮ್ಮೆ ಸಾಹೇಬರ ಜೊತೆ ಗಾಲ್ಫ್ ಆಡುವುದು ಹಳೆಯ ವಾಡಿಕೆ. ತೊಂದರೆಯೆಂದರೆ ಕ್ವಾಲಿಟಿಯ ಚೆಂಡೂ ಬಲಕ್ಕೇ ಹೋಗುತ್ತಿತ್ತು. ಡ್ರೈವರ್ ಎಂಬ ಆ ಉದ್ದನೆಯ ಕೋಲನ್ನು ಮೊದಲ ಹೊಡೆತಕ್ಕೆ ಕೈಗೆತ್ತಿಕೊಂಡರೆ ಸಾಕು, ಚೆಂಡು ಮರಗಳ ಪಾಲು. ಬೆಣ್ಣೆಯದೂ ಹಾಗೇ. ಆದರೆ ಬೆಣ್ಣೆಯದು ಸಾಧನೆ ಮಾಡಿ ಗಳಿಸಿದ ಸ್ಲೈಸ್ ಎಂಬ ಗುಮಾನಿ ಇತ್ತು. ಕ್ವಾಲಿಟಿಯದು ಮಾತ್ರ ಅಪ್ಪಟ.

"ನೇರ ಹೊಡೀಬೇಕು ಕಣೇ" ಎಂದು ಅವನು ಮನೆಯಲ್ಲಿ ಹೆಂಡತಿಗೆ ಹೇಳಿದ. "ಸಾಹೇಬರು ಬಾಯಿಬಿಟ್ಟು ಕೇಳಿದಾರೆ."

ಹೆಂಡತಿ ಫಿಸಿಯೋಥೆರಪಿಸ್ಟ್. ಬಗ್ಗಿದ ಬೆನ್ನು, ಸೊಟ್ಟ ಕುತ್ತಿಗೆಗಳನ್ನು ನೆಟ್ಟಗೆ ಮಾಡುವುದೇ ಅವಳ ದಿನದ ಕೆಲಸ. ಸೊಂಟ ಹಿಡಿದುಕೊಂಡು ಬರುವ ಗಾಲ್ಫ್ ಆಟಗಾರರನ್ನೂ ಸಾಕಷ್ಟು ಕಂಡಿದ್ದಳು. "ಎಲ್ಲಿ, ನಿಂತು ತೋರಿಸಿ" ಎಂದಳು.

ಡ್ರೈವರ್ ಅದಾಗಲೇ ನಡುಮನೆಯ ದೀಪವೊಂದನ್ನು ಬಲಿ ತೆಗೆದುಕೊಂಡಿದ್ದರಿಂದ, ಅವನು ನೆಲ ಒರೆಸುವ ಕೋಲನ್ನು ಹಿಡಿದು ನಿಂತ.

"ಚೆಂಡು ಎಲ್ಲಿಗೆ ಹೋಗ್ಬೇಕು?"

"ಅಗೋ, ಆ ಕಿಟಕಿಗೆ."

"ಮತ್ತೆ ನಿಮ್ಮ ಭುಜ ಯಾಕೆ ಅಡುಗೆಮನೆ ನೋಡ್ತಿದೆ?"

ಕ್ವಾಲಿಟಿ ಬಗ್ಗಿ ತನ್ನ ಭುಜವನ್ನು ನೋಡಿಕೊಂಡ. "ಹೇಗೂ ಬಲಕ್ಕೆ ಹೋಗುತ್ತಲ್ಲ, ಅದಕ್ಕೇ ಮುಂಚೆಯೇ ಸ್ವಲ್ಪ ಎಡಕ್ಕೆ ತಿರುಗಿ ನಿಲ್ತೀನಿ. ನಮ್ಮಲ್ಲಿ ಎಲ್ಲರೂ ನಿಲ್ಲೋದೇ ಹಾಗೆ."

"ಅಲ್ರೀ, ಎಡಕ್ಕೆ ತಿರುಗಿ ನಿಂತ್ರೆ ಕೋಲು ಹೊರಗಿನಿಂದ ಒಳಗೆ ಬಂದು ಚೆಂಡಿನ ಕೆನ್ನೆ ಸವರುತ್ತೆ ಅಷ್ಟೇ. ಆಗ ಅದು ಗಿರಗಿರ ತಿರುಗ್ತಾ ಬಲಕ್ಕೇ ಹೋಗೋದು. ಬಲಕ್ಕೆ ಹೋಗುತ್ತೆ ಅಂತ ಹೆದರಿ ನೀವು ಎಡಕ್ಕೆ ತಿರುಗ್ತೀರಿ. ನೀವು ತಿರುಗಿದಷ್ಟೂ ಅದು ಬಲಕ್ಕೆ ಹೋಗುತ್ತೆ. ಹೊಡೆಯೋದ್ರಲ್ಲಿ ತಪ್ಪಿಲ್ಲ ಮಾರಾಯ್ರೆ, ನಿಂತಿರೋದೇ ತಪ್ಪು!"

ಅವತ್ತಿನಿಂದ ನಡುಮನೆಯಲ್ಲಿ ಪಾಠ ಶುರುವಾಯಿತು. ನೆಲದ ಟೈಲ್ಸ್ ಗೆರೆಗೆ ಸರಿಯಾಗಿ ಪಾದ, ಮೊಣಕಾಲು, ಸೊಂಟ, ಭುಜ ಎಲ್ಲವೂ ಒಂದೇ ಸಾಲಿನಲ್ಲಿ ಕಿಟಕಿಯ ಕಡೆ. ಕಾಲುಗಳ ನಡುವೆ ಭುಜದಷ್ಟು ಅಂತರ. ಚೆಂಡಿನ ಬದಲು ಇಟ್ಟ ಆಲೂಗೆಡ್ಡೆ ಎಡ ಹಿಮ್ಮಡಿಯ ಎದುರಿಗೆ, ನಡುವಿಗೆ ಅಲ್ಲ. ಕೋಲಿನ ಮೇಲೆ ಬಲಗೈ ಕೆಳಗಿರುವುದರಿಂದ ಬಲಭುಜವೂ ಒಂಚೂರು ಕೆಳಗೆ. ಎಡಗೈಯನ್ನು ಹಿಡಿಯ ಮೇಲೆ ಸ್ವಲ್ಪ ಬಲಕ್ಕೆ ಹೊರಳಿಸಿ, ಮೇಲಿನಿಂದ ನೋಡಿದರೆ ಬೆರಳಿನ ಗೆಣ್ಣುಗಳು ಕಾಣುವ ಹಾಗೆ ಹಿಡಿಯಬೇಕು. ಹೆಂಡತಿ ಹಿಂದೆ ನಿಂತು ಅವನ ಭುಜಗಳನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದಳು. ಬಿಟ್ಟ ತಕ್ಷಣ ಅವು ಮೆಲ್ಲಗೆ ಅಡುಗೆಮನೆಯ ಕಡೆಗೇ ಹೊರಳುತ್ತಿದ್ದವು.

"ಅಳಿಯಂದ್ರು ನೆಲ ಒರೆಸೋಕೆ ನಿಂತ್ರಲ್ಲ ಅಂತ ಖುಷಿಪಟ್ಟೆ" ಎಂದು ಅತ್ತೆ ಸೋಫಾದ ಮೂಲೆಯಿಂದ ಅಂದರು. "ಆಗಿನಿಂದ ಬರೀ ನಿಂತೇ ಇದಾರೆ. ನೆಲ ಹೇಗಿತ್ತೋ ಹಾಗೇ ಇದೆ."

ಹೀಗೆ ದಿನಗಳು ಕಳೆದವು. ಒಂದು ಬೆಳಿಗ್ಗೆ ಅಭ್ಯಾಸದ ಮೈದಾನದಲ್ಲಿ ಅವನು ನಿಜವಾದ ಡ್ರೈವರ್ ಹಿಡಿದು, ಉಸಿರು ಬಿಗಿಹಿಡಿದು, ಕಲಿತ ಹಾಗೇ ನಿಂತು ಬೀಸಿದ. ಚೆಂಡು ಹೋಯಿತು. ಹೋಗುತ್ತಲೇ ಇತ್ತು. ಈಗ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಅವನು ಕಾದೇ ಕಾದ. ಅದು ತಿರುಗಲಿಲ್ಲ. ಕಣ್ಣಿಗೆ ಸಣ್ಣ ಚುಕ್ಕೆಯಾಗಿ, ಎಲ್ಲಿ ಬೀಳಬೇಕೆಂದು ಅವನು ಬಯಸಿದ್ದನೋ ಅಲ್ಲಿಯೇ ಬಿತ್ತು. ಮದುವೆಯಾಗಿ ಮಕ್ಕಳಾದ ಮೇಲೆ ತನ್ನ ಕೈಯಿಂದ ಇಷ್ಟು ಚಂದದ ಕೆಲಸ ನಡೆದದ್ದು ಅವನಿಗೆ ನೆನಪಿರಲಿಲ್ಲ. ಸಂತೋಷ ತಡೆಯಲಾರದೆ ಹೆಂಡತಿಗೆ ಫೋನ್ ಮಾಡಿದ. ಅವಳು ಯಾರದೋ ಸೊಂಟ ಒತ್ತುತ್ತ, "ನಾನು ಹೇಳ್ಲಿಲ್ವಾ?" ಎಂದು ನಕ್ಕಳು.

ಹೊಸ ಮುಖ್ಯಸ್ಥನ ಹೆಸರು ಹೊರಬೀಳುವ ವಾರ ಬಂತು. ಆ ವಾರದ ಆಟಕ್ಕೆ ಸಾಹೇಬರು, ಬೆಣ್ಣೆ, ಅಕೌಂಟ್ಸ್ ಮತ್ತು ಕ್ವಾಲಿಟಿ ಸೇರಿದರು. ಮೊದಲು ಸಾಹೇಬರು ಹೊಡೆದರು. ಚೆಂಡು ವಾಡಿಕೆಯಂತೆ ಮರಗಳಿಗೆ ಹೋಯಿತು. "ಹಾಳಾದ ಗಾಳಿ ಸರ್" ಎಂದು ಬೆಣ್ಣೆ ತಾನೂ ಹೊಡೆದ; ಅವನ ಚೆಂಡು ಸಾಹೇಬರ ಚೆಂಡನ್ನೇ ಹಿಂಬಾಲಿಸಿತು. ಅಕೌಂಟ್ಸ್ ಹೊಡೆದ ಚೆಂಡು ಎಂದಿನಂತೆ ನಾಲ್ಕು ಮಾರು ಉರುಳಿ ನಿಂತಿತು.

ಕ್ವಾಲಿಟಿ ಪಾದ ಜೋಡಿಸಿದ. ಭುಜ ನೋಡಿಕೊಂಡ. ಬೀಸಿದ.

ಹಸಿರಿನ ನಟ್ಟನಡುವೆ ಗೆರೆ ಎಳೆದ ಹಾಗೆ ಚೆಂಡು ಹೋಗಿ ಬಿತ್ತು. ಅವನು ಚಪ್ಪಾಳೆಗಾಗಿ ತಿರುಗಿ ನೋಡಿದ. ಬೆಣ್ಣೆ ತನ್ನ ಬೂಟಿನ ದಾರವನ್ನು ಪರೀಕ್ಷಿಸುತ್ತಿದ್ದ. ಸಾಹೇಬರು, "ಹ್ಞೂಂ, ಹೋಯ್ತು" ಎಂದರು, ಯಾರದೋ ಬಸ್ಸು ಹೋಯಿತು ಎಂಬಂತೆ. ಆಮೇಲೆ ಅವರೂ ಬೆಣ್ಣೆಯೂ ಮರಗಳ ಕಡೆ ನಡೆದರು.

ಕ್ವಾಲಿಟಿ ಬಿಸಿಲಲ್ಲಿ ತನ್ನ ಚೆಂಡಿನ ಪಕ್ಕ ಒಬ್ಬನೇ ನಿಂತ. ಮರಗಳ ನೆರಳಿನಿಂದ ಮಾತು ಕೇಳುತ್ತಿತ್ತು, ನಡುನಡುವೆ ನಗು. ಅಷ್ಟರಲ್ಲಿ ಅಕೌಂಟ್ಸ್ ಚೆಂಡನ್ನು ತಟ್ಟುತ್ತ ತಟ್ಟುತ್ತ ಅಲ್ಲಿಗೆ ಬಂದು ಮುಟ್ಟಿದ.

"ಇದೇನ್ರೀ, ಇಲ್ಲಿ ನಿಂತಿದೀರಿ?" ಎಂದ ಅಕೌಂಟ್ಸ್, ನಿಜವಾಗಿಯೂ ಗಾಬರಿಯಾಗಿ.

"ನೇರ ಹೊಡೆದೆ" ಎಂದ ಕ್ವಾಲಿಟಿ.

"ಅದು ಕಾಣ್ತಿದೆ. ಆದ್ರೆ ಯಾಕೆ? ಇವತ್ತು!"

"ಸಾಹೇಬರು ಸಭೆಯಲ್ಲಿ ಹೇಳಿದ್ರಲ್ಲ..."

ಅಕೌಂಟ್ಸ್ ತನ್ನ ಕೋಲನ್ನು ಮರಗಳ ಕಡೆ ಚಾಚಿದ. "ಕಂಪನಿಯ ತೀರ್ಮಾನಗಳೆಲ್ಲ ಎಲ್ಲಿ ಆಗೋದು ಅಂದ್ಕೊಂಡಿದ್ರಿ? ಮೀಟಿಂಗ್ ರೂಮಲ್ಲಾ? ಅಲ್ಲಿ ಬಿಸ್ಕತ್ತು ತಿಂತೀವಿ ಅಷ್ಟೇ. ಎಲ್ಲಾ ಆಗೋದು ಅಲ್ಲಿ, ಚೆಂಡು ಹುಡುಕ್ತಾ. ನನ್ನನ್ನೇ ನೋಡಿ. ಸೇರಿದಾಗಿನಿಂದ ಅದೇ ಕುರ್ಚಿ. ಕೆಲಸ ಬರಲ್ಲ ಅಂತಲಾ? ನನ್ನ ಚೆಂಡು ಮರದ ತನಕ ಹೋಗಲ್ಲ, ಅದಕ್ಕೆ. ನಿಮ್ಮದು ದೇವರು ಕೊಟ್ಟ ಸ್ಲೈಸು ಸ್ವಾಮಿ! ನಿಮ್ಮನ್ನ ಕ್ವಾಲಿಟಿಗೆ ಮುಖ್ಯಸ್ಥ ಮಾಡಿದ್ದು ಎಲ್ಲಿ, ನೆನಪು ಮಾಡ್ಕೊಳ್ಳಿ."

ಕ್ವಾಲಿಟಿ ನೆನಪು ಮಾಡಿಕೊಂಡ. ಮುಳ್ಳುಪೊದೆಯೊಂದರ ಪಕ್ಕ, ಸಾಹೇಬರ ಪ್ಯಾಂಟಿಗೆ ಅಂಟಿದ ಮುಳ್ಳು ಬಿಡಿಸುತ್ತಿದ್ದಾಗ. ಇಷ್ಟು ವರ್ಷ ಅದು ತನ್ನ ಕೆಂಪು ಚೀಟಿಗಳಿಗೆ ಸಿಕ್ಕ ಮರ್ಯಾದೆ ಎಂದೇ ಅವನು ನಂಬಿದ್ದ.

ಚೆಂಡು ಬೀಳಿಸಬೇಕಾದ ಮುಂದಿನ ಕುಳಿಯ ಮೊದಲ ಹೊಡೆತಕ್ಕೆ ಅವನು ತೀರ್ಮಾನ ಮಾಡಿಯೇ ನಿಂತ: ಬಲಕ್ಕೆ. ಆದರೆ ಮೈ ಅವನ ಮಾತು ಕೇಳಬೇಕಲ್ಲ! ಅಷ್ಟು ದಿನ ಹೆಂಡತಿ ತಿದ್ದಿ ತೀಡಿದ ಮೈ ತಾನಾಗಿಯೇ ಸರಿಯಾಗಿ ನಿಂತುಬಿಟ್ಟಿತು. ಚೆಂಡು ಮೊದಲಿನದಕ್ಕಿಂತ ನೇರವಾಗಿ, ಮೊದಲಿನದಕ್ಕಿಂತ ದೂರ ಹೋಯಿತು. ಬೆಣ್ಣೆ ಈ ಸಲ ಬಾಯ್ತುಂಬ ಹೊಗಳಿ ಚಪ್ಪಾಳೆ ತಟ್ಟಿದ. ಬೇರೆಯವರು ಗುಂಡಿಗೆ ಬೀಳುವಾಗ ಹೊಗಳುವುದಕ್ಕೆ ಅವನಿಗೆ ಎಂದೂ ಬೇಸರವಿರಲಿಲ್ಲ. ಮತ್ತೆ ಅವರಿಬ್ಬರೂ ನೆರಳಿಗೆ ಹೋದರು. ಮತ್ತೆ ಕ್ವಾಲಿಟಿ ಬಿಸಿಲಿಗೆ. ಆಮೇಲಿನದೂ ಹಾಗೇ ಆಯಿತು, ಅದರ ಆಮೇಲಿನದೂ. ಅವನು ಬೆವರು ಒರೆಸಿಕೊಳ್ಳುತ್ತ ಮರಗಳ ಕಡೆಗೇ ಕಿವಿಯಿಟ್ಟಿದ್ದ. "ಕಾರ್ಖಾನೆ" ಎಂಬ ಮಾತು ಒಮ್ಮೆ ಕೇಳಿದಂತಾಯಿತು.

ಕೊನೆಯ ಕುಳಿಗೆ ಬಂದರು. ಕ್ವಾಲಿಟಿ ಹಟ ಹಿಡಿದವನಂತೆ ಒಂದೊಂದನ್ನೇ ಕೆಡಿಸಿದ. ಚೆಂಡನ್ನು ಹಿಮ್ಮಡಿಯ ಎದುರಿನಿಂದ ನಡುವಿಗೆ ತಂದ. ಎಡಗೈಯ ಹಿಡಿತವನ್ನು ಹಿಂದಕ್ಕೆ ಹೊರಳಿಸಿದ. ಬಲಭುಜವನ್ನು ಎತ್ತಿದ. ಕಟ್ಟಕಡೆಗೆ, ಹೆಂಡತಿ ಹಿಂದಿನಿಂದ ಹಿಡಿದು ನಿಲ್ಲಿಸಿದ್ದ ಭುಜಗಳನ್ನು ಆ ಕೈಗಳಿಂದ ಬಿಡಿಸಿಕೊಂಡು ಎಡಕ್ಕೆ ತಿರುಗಿಸಿದ. ಬೀಸಿದ.

ಎಂಥಾ ಸ್ಲೈಸ್! ಚೆಂಡು ಬಾಗಿ ಬಾಗಿ ಹೋಗಿ ಮರಗಳ ನಟ್ಟನಡುವೆ, ಸಾಹೇಬರ ಚೆಂಡು ಬಿದ್ದ ಜಾಗದ ಮಗ್ಗುಲಲ್ಲೇ ಎಲೆಗಳನ್ನು ಉದುರಿಸಿ ಬಿತ್ತು. ಕೋಲು ಎತ್ತಿಟ್ಟು, ಆಗಲೇ ಹೊರಟಿದ್ದ ಅವರಿಬ್ಬರ ಹಿಂದೆ ಕ್ವಾಲಿಟಿ ಸಣ್ಣ ಹುಡುಗನಂತೆ ಅತ್ತ ಓಡಿದ.

ನೆರಳು ತಂಪಾಗಿತ್ತು. ಸಾಹೇಬರು ಮರಕ್ಕೆ ಒರಗಿ ನಿಂತಿದ್ದರು. ಬೆಣ್ಣೆ ಪೊದೆಯೊಳಗೆ ಅರ್ಧ ಹೊಕ್ಕು ಚೆಂಡು ಹುಡುಕುತ್ತಿದ್ದ.

"ಓ, ಬಂದ್ರಾ? ಬನ್ನಿ ಬನ್ನಿ" ಎಂದರು ಸಾಹೇಬರು.

ಕ್ವಾಲಿಟಿ ಏದುಸಿರು ಬಿಡುತ್ತ, "ಸರ್, ಆ ಕಾರ್ಖಾನೆ ವಿಷಯ..." ಎಂದ.

"ಅದಾ? ಅದು ಆಗ್ಲೇ ಮುಗೀತಲ್ಲ, ಮೊದಲನೇ ಮರದ ಹತ್ರಾನೇ. ಇವರೇ ನೋಡ್ಕೊಳ್ತಾರೆ" ಎಂದು ಸಾಹೇಬರು ಪೊದೆಯ ಹೊರಗಿದ್ದ ಬೆಣ್ಣೆಯ ಹಿಂಭಾಗವನ್ನು ತೋರಿಸಿದರು. "ನಿಮ್ಮನ್ನೂ ಒಂದು ಮಾತು ಕೇಳೋಣ ಅಂತ ನೋಡಿದೆ. ನೀವು ಇರ್ಲೇ ಇಲ್ಲ."

ಸಾಹೇಬರು ಹತ್ತಿರ ಬಂದು, ತಂದೆಯ ಹಾಗೆ ಅವನ ಹೆಗಲ ಮೇಲೆ ಕೈಯಿಟ್ಟರು.

"ನೊಂದ್ಕೋಬಾರದು, ಒಂದು ಮಾತು ಹೇಳ್ತೀನಿ. ಬೆಳಿಗ್ಗೆಯಿಂದ ನಿಮ್ಮ ಆಟದಲ್ಲಿ ಏನೋ ಎಡವಟ್ಟಾಗಿತ್ತು. ಬೇಜಾರು ಮಾಡ್ಕೊಳ್ತೀರಿ ಅಂತ ಸುಮ್ಮನಿದ್ದೆ. ಈ ಕೊನೇದು ನೋಡಿ, ಎಷ್ಟು ಚೆನ್ನಾಗಿ ಬಂತು! ಸರಿಹೋಯ್ತು."

"ಥ್ಯಾಂಕ್ಯೂ ಸರ್" ಎಂದ ಕ್ವಾಲಿಟಿ. ತಡೆಯುವ ಮೊದಲೇ ಅದು ಬಾಯಿಂದ ಹೊರಬಿದ್ದಿತ್ತು.

ಕುರ್ಚಿ ಹೋದದ್ದಕ್ಕೆ ಅವನಿಗೆ ದುಃಖವಾಯಿತು, ಇಲ್ಲವೆಂದಲ್ಲ. ಆದರೆ ಅದು ಬೆಳಿಗ್ಗೆಯೇ ಹೋಗಿತ್ತು, ಯಾರೋ ಕಿತ್ತುಕೊಂಡದ್ದು. ಈ ಕೊನೆಯ ಹೊಡೆತವನ್ನು ಯಾರೂ ಕಿತ್ತುಕೊಂಡಿರಲಿಲ್ಲ. ಕಳೆದುಕೊಳ್ಳಲು ಏನೂ ಉಳಿದಿರದ ಹೊತ್ತಿನಲ್ಲಿ, ನೇರ ಹೊಡೆದಿದ್ದರೆ ಯಾರ ಗಂಟೂ ಹೋಗದಿದ್ದ ಹೊತ್ತಿನಲ್ಲಿ, ಅದನ್ನು ಅವನೇ ತನ್ನ ಕೈಯಾರೆ ಕೆಡಿಸಿಕೊಂಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ನನ್ನ ಚೆಂಡು ಅಲ್ಲೇ ಎಲ್ಲೋ ಇರ್ಬೇಕು" ಎಂದರು ಸಾಹೇಬರು, ಪೊದೆಯ ಇನ್ನೊಂದು ಮಗ್ಗುಲನ್ನು ತೋರಿಸುತ್ತ.

ಕ್ವಾಲಿಟಿ ಮೊಣಕಾಲೂರಿ ಹುಡುಕತೊಡಗಿದ.